ಜಾಝ್ ಎಲ್‌ಪಿಗಳ ಮರುಮುದ್ರಣ: ಯಾವುದನ್ನು ಹುಡುಕಬೇಕು, ಹೇಗೆ ಗುರುತಿಸಬೇಕು?

ಕೇಳುಗ:

ಎಲ್ಲರಿಗೂ ನಮಸ್ಕಾರ. ಜಾಝ್ ಸಂಗೀತವನ್ನು ಬಹುಕಾಲದಿಂದ ಸಿಡಿಗಳಲ್ಲಿ ಕೇಳುತ್ತ ಬಂದಿದ್ದೇನೆ. ಈಗ ಎಲ್‌ಪಿಗಳನ್ನು ಸಂಗ್ರಹಿಸಲು ತೊಡಗಿದ್ದೇನೆ. ನನ್ನ ಒಲವು ಹೆಚ್ಚಾಗಿ 1955ರಿಂದ 1965ರವರೆಗಿನ ಹಾರ್ಡ್ ಬಾಪ್ ಎಂಬ ಜಾಝ್ ಶೈಲಿಯ ಕಡೆಗೆ, ಅಂದರೆ ಬ್ಲೂ ನೋಟ್, ಪ್ರೆಸ್ಟೀಜ್, ರಿವರ್‌ಸೈಡ್ ಕಂಪನಿಗಳು ಹೊರತಂದ ಆಲ್ಬಮ್‌ಗಳ ಕಡೆಗೆ. ಅವುಗಳ ಮೊದಲ ಮುದ್ರಣದ ಪ್ರತಿಗಳು ನನ್ನ ಕೈಗೆ ಎಟಕುವಂಥವಲ್ಲ. ಆದ್ದರಿಂದ ಮರುಮುದ್ರಣಗಳನ್ನೇ ನೆಚ್ಚಿಕೊಂಡಿದ್ದೇನೆ.

ಆದರೆ ಮರುಮುದ್ರಣಗಳ ಲೋಕವೇ ಒಂದು ದೊಡ್ಡ ಕಾಡಿನಂತಿದೆ. ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ‘ಬ್ಲೂ ಟ್ರೇನ್’ ಒಂದನ್ನೇ ತೆಗೆದುಕೊಂಡರೂ ಅಮೆರಿಕದ್ದು, ಜಪಾನಿನದ್ದು, ಯುರೋಪಿನದ್ದು, ಮೊನೊ (ಎಲ್ಲ ನಾದವೂ ಒಂದೇ ಚಾನೆಲ್ಲಿನಲ್ಲಿ), ಸ್ಟೀರಿಯೊ (ಎಡಬಲ ಎರಡು ಚಾನೆಲ್ಲುಗಳಲ್ಲಿ), 180 ಗ್ರಾಂ ತೂಕದ್ದು ಎಂದು ಲೆಕ್ಕವಿಲ್ಲದಷ್ಟು ರೂಪಗಳು ಸಿಗುತ್ತವೆ. ಇತ್ತೀಚೆಗೆ ಕೊಂಡ ಒಂದು ಆಲ್ಬಮ್ಮಿನ ಕವರಿನ ಮೇಲೆ ಗುಣಮಟ್ಟದ ಬಗ್ಗೆ ದೊಡ್ಡ ದೊಡ್ಡ ಮಾತುಗಳಿದ್ದವು. ಕೇಳಿದಾಗ ಮಾತ್ರ ಪಿಯಾನೊ ಗೋಡೆಯ ಆಚೆಯಿಂದ ಬಂದಂತೆ ಮಂಕಾಗಿತ್ತು, ಸಿಂಬಲ್‌ಗಳ ಮಿನುಗು ಇರಲೇ ಇಲ್ಲ. ನನ್ನಲ್ಲಿದ್ದ ಹಳೆಯ ಸಿಡಿಯೇ ಅದಕ್ಕಿಂತ ಜೀವಂತವಾಗಿ ಕೇಳಿಸಿತು.

ಒಳ್ಳೆಯ ಮರುಮುದ್ರಣವನ್ನು ಕೊಳ್ಳುವ ಮೊದಲೇ ಗುರುತಿಸುವುದು ಹೇಗೆ? ಅಚ್ಚು ನಿಂತುಹೋಗಿರುವ ಅಪರೂಪದ ಮರುಮುದ್ರಣಗಳನ್ನು ಹುಡುಕುವವರು ಯಾವ ಗುರುತುಗಳನ್ನು ನೋಡುತ್ತಾರೆ? ಅನುಭವಿಗಳು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಟೇಪ್‌ಪರ:

ನಮಸ್ಕಾರ. ನೀವು ಕೇಳಿರುವ ಎರಡೂ ಪ್ರಶ್ನೆಗಳ ಬುಡ ಒಂದೇ: ಆ ಎಲ್‌ಪಿ ತಟ್ಟೆಯನ್ನು ಕೊರೆಯುವಾಗ ಕೊರೆಯುವವರ ಎದುರಿಗೆ ಇದ್ದದ್ದು ಯಾವ ಟೇಪು? ಇದೊಂದಕ್ಕೆ ಉತ್ತರ ಸಿಕ್ಕಿದರೆ ಉಳಿದದ್ದು ಮುಕ್ಕಾಲು ಪಾಲು ತಾನೇ ಇತ್ಯರ್ಥವಾಗುತ್ತದೆ.

ಎಲ್‌ಪಿ ತಯಾರಾಗುವ ದಾರಿ ಹೀಗಿದೆ. ಸ್ಟುಡಿಯೋದ ಮೂಲ ಟೇಪನ್ನು ನುಡಿಸುತ್ತ, ಮೆದುವಾದ ಲ್ಯಾಕರ್ ಲೇಪನವಿರುವ ಒಂದು ತಟ್ಟೆಯ ಮೇಲೆ ಗ್ರೂವನ್ನು, ಎಂದರೆ ನಾದ ಅಡಗಿರುವ ಸುರುಳಿ ಗೀರನ್ನು, ಕೊರೆಯುತ್ತಾರೆ. ಆ ಲ್ಯಾಕರಿನಿಂದ ಲೋಹದ ಅಚ್ಚುಗಳು ತಯಾರಾಗುತ್ತವೆ, ಅಚ್ಚುಗಳಿಂದ ವಿನೈಲ್ ತಟ್ಟೆಗಳನ್ನು ಒತ್ತುತ್ತಾರೆ. ಮೂಲ ಟೇಪಿನ ಬದಲು ಅದರ ನಕಲನ್ನೋ, ನಕಲಿನ ನಕಲನ್ನೋ ಬಳಸಿದರೆ ಪ್ರತಿ ಹಂತದಲ್ಲಿಯೂ ಟೇಪಿನ ಸುಯ್ಯೆನ್ನುವ ಸದ್ದು ಹೆಚ್ಚುತ್ತದೆ, ಸೂಕ್ಷ್ಮ ನಾದಗಳು ಅಳಿಸುತ್ತ ಹೋಗುತ್ತವೆ. ನೀವು ಹೇಳಿದ ಮಂಕು ಪಿಯಾನೊ, ಮಿನುಗಿಲ್ಲದ ಸಿಂಬಲ್‌ಗಳಿಗೆ ಬಹುಮಟ್ಟಿಗೆ ಇದೇ ಕಾರಣ. ತಟ್ಟೆಯ ತೂಕ 180 ಗ್ರಾಂ ಇದ್ದರೆ ಅದು ದಪ್ಪಗಿದೆ ಎಂದಷ್ಟೇ ಅರ್ಥ. ಅದರೊಳಗೆ ಯಾವ ಟೇಪಿನ ನಾದವಿದೆ ಎಂಬುದನ್ನು ತೂಕ ಹೇಳುವುದಿಲ್ಲ.

ಯುರೋಪಿನಲ್ಲಿ ಅಚ್ಚಾದ ಎಷ್ಟೋ ಜಾಝ್ ಮರುಮುದ್ರಣಗಳ ಹಿಂದೆ ಕಾನೂನಿನ ಒಂದು ಹಿನ್ನೆಲೆಯೂ ಇದೆ. ಅಲ್ಲಿ ಧ್ವನಿಮುದ್ರಣಗಳ ಹಕ್ಕಿನ ಅವಧಿ ಮೊದಲು 50 ವರ್ಷವಿತ್ತು. ಯುರೋಪಿಯನ್ ಒಕ್ಕೂಟ 2011ರಲ್ಲಿ ಅದನ್ನು 70 ವರ್ಷಕ್ಕೆ ಏರಿಸಿದರೂ, ಹೊಸ ನಿಯಮ ಜಾರಿಗೆ ಬಂದ 2013ರ ಹೊತ್ತಿಗೆ ಆಗಲೇ ಹಕ್ಕು ಕಳೆದುಕೊಂಡಿದ್ದ ಧ್ವನಿಮುದ್ರಣಗಳಿಗೆ ಅದು ಅನ್ವಯಿಸಲಿಲ್ಲ. ಹೀಗಾಗಿ 1963ಕ್ಕೆ ಮೊದಲು ಬಿಡುಗಡೆಯಾದ ಆಲ್ಬಮ್‌ಗಳನ್ನು, ಎಂದರೆ ನಿಮಗೆ ಪ್ರಿಯವಾದ ಕಾಲದ ಬಹುಪಾಲನ್ನು, ಅಲ್ಲಿ ಯಾವ ಕಂಪನಿಯಾದರೂ ಯಾರ ಅನುಮತಿಯೂ ಇಲ್ಲದೆ ಅಚ್ಚು ಹಾಕಬಹುದು. ಅದು ಅಪರಾಧವಲ್ಲ. ಆದರೆ ಮೂಲ ಟೇಪು ಇರುವುದು ಹಕ್ಕುದಾರ ಕಂಪನಿಯ ಉಗ್ರಾಣದಲ್ಲಿ. ಹೊರಗಿನವರಿಗೆ ಅದು ಸಿಗದಿರುವುದರಿಂದ ಸಾಮಾನ್ಯವಾಗಿ ಒಂದು ಸಿಡಿಯನ್ನೋ ಡಿಜಿಟಲ್ ಕಡತವನ್ನೋ ಇಟ್ಟುಕೊಂಡು ತಟ್ಟೆ ಕೊರೆಯುತ್ತಾರೆ. ಕವರಿನ ಹಿಂಬದಿಯಲ್ಲಿ ಮೂಲ ಟೇಪಿನ ಬಗ್ಗೆ ಒಂದು ಮಾತೂ ಇಲ್ಲದೆ ವಿನೈಲಿನ ತೂಕ, ಬಣ್ಣ, ‘ಸಂಗ್ರಾಹಕರ ಆವೃತ್ತಿ’ ಎಂಬ ವರ್ಣನೆಗಳೇ ತುಂಬಿದ್ದರೆ ಎಚ್ಚರ ವಹಿಸುವುದು ಒಳ್ಳೆಯದು.

ಇನ್ನು ನಂಬಿ ಕೊಳ್ಳಬಹುದಾದವು. ಬ್ಲೂ ನೋಟ್ ಕಂಪನಿಯೇ 2019ರಲ್ಲಿ ಆರಂಭಿಸಿದ ಟೋನ್ ಪೊಯೆಟ್ ಸರಣಿಯನ್ನು ಜೋ ಹಾರ್ಲಿ ನೋಡಿಕೊಳ್ಳುತ್ತಾರೆ, ತಟ್ಟೆ ಕೊರೆಯುವವರು ಕೆವಿನ್ ಗ್ರೇ. ಮೂಲ ಟೇಪಿನಿಂದ ನೇರವಾಗಿ ಕೊರೆಯುವುದೇ ಆ ಸರಣಿಯ ಹೆಗ್ಗಳಿಕೆ. ಅದೇ ಕಂಪನಿಯ ಕ್ಲಾಸಿಕ್ ವಿನೈಲ್ ಸರಣಿಯಲ್ಲಿ ಕವರಿನ ವೈಭವ ಕಡಿಮೆಯಿದ್ದರೂ ಅಲ್ಲಿಯೂ ಕೆವಿನ್ ಗ್ರೇ ಅವರದೇ ಕೆಲಸವಿದೆ. ಹೊಸದಾಗಿ ಆರಂಭಿಸುವವರಿಗೆ ನಾನು ಮೊದಲು ಹೇಳುವುದು ಆ ಸರಣಿಯನ್ನೇ. ಪ್ರೆಸ್ಟೀಜ್, ರಿವರ್‌ಸೈಡ್, ಕಂಟೆಂಪರರಿ ಮೂರೂ ಕಾಲಕ್ರಮದಲ್ಲಿ ಫ್ಯಾಂಟಸಿ ಕಂಪನಿಯ ಪಾಲಾದವು. 1980ರ ದಶಕದ ಆರಂಭದಲ್ಲಿ ಫ್ಯಾಂಟಸಿ ಅವುಗಳನ್ನು ಒರಿಜಿನಲ್ ಜಾಝ್ ಕ್ಲಾಸಿಕ್ಸ್ ಎಂಬ ಹೆಸರಿನಲ್ಲಿ, ಹಳೆಯ ಕವರುಗಳ ಸಮೇತ ಮತ್ತೆ ತಂದಿತು. ಆ ಹಳೆಯ ಪ್ರತಿಗಳು ಈಗಲೂ ಸುಲಭವಾಗಿ ಸಿಗುತ್ತವೆ, ಚೆನ್ನಾಗಿಯೂ ಇರುತ್ತವೆ. ಕ್ರಾಫ್ಟ್ ರೆಕಾರ್ಡಿಂಗ್ಸ್ 2023ರಲ್ಲಿ ಅದೇ ಹೆಸರನ್ನು ಮತ್ತೆ ಬಳಕೆಗೆ ತಂದು, ಮೂಲ ಟೇಪುಗಳಿಂದ ಹೊಸದಾಗಿ ಕೊರೆಸಿದ ತಟ್ಟೆಗಳನ್ನು ಹೊರತರುತ್ತಿದೆ. ಪಿಯಾನೊ ವಾದಕ ಬಿಲ್ ಎವಾನ್ಸ್ ಅವರ ಮೂವರ ತಂಡ 1961ರ ಜೂನ್ 25ರಂದು ನ್ಯೂಯಾರ್ಕಿನ ಜಾಝ್ ಕ್ಲಬ್ಬಾದ ವಿಲೇಜ್ ವ್ಯಾನ್‌ಗಾರ್ಡ್‌ನಲ್ಲಿ ನುಡಿಸಿದ ‘ವಾಲ್ಟ್ಜ್ ಫಾರ್ ಡೆಬಿ’ಯಂಥ ರಿವರ್‌ಸೈಡ್ ಆಲ್ಬಮ್ಮುಗಳಲ್ಲಿ ಸ್ಕಾಟ್ ಲಫಾರೊ ಅವರ ಬಾಸ್ ತಂತಿಯ ಮೇಲೆ ಬೆರಳು ಜಾರುವುದು, ಸಭಿಕರ ಲೋಟಗಳ ಸಣ್ಣ ಸದ್ದು ಎಲ್ಲವೂ ಇವೆ, ಮೂಲ ಟೇಪಿಗೆ ಹತ್ತಿರವಾದಷ್ಟೂ ಅವು ಕೇಳಿಸುತ್ತವೆ.

ಎಲ್ಲ ಟೇಪುಗಳೂ ಉಳಿದುಕೊಂಡಿಲ್ಲ ಎಂಬ ನೋವಿನ ಸಂಗತಿಯನ್ನೂ ಇಲ್ಲಿ ಹೇಳಬೇಕು. ಅಟ್ಲಾಂಟಿಕ್ ಕಂಪನಿಯ ಉಗ್ರಾಣಕ್ಕೆ 1978ರಲ್ಲಿ ನ್ಯೂ ಜೆರ್ಸಿಯ ಲಾಂಗ್ ಬ್ರಾಂಚಿನಲ್ಲಿ ಬೆಂಕಿ ಬಿದ್ದು, ಎಂದೂ ಬಿಡುಗಡೆಯಾಗದ ಎಷ್ಟೋ ಟೇಪುಗಳು ಸುಟ್ಟುಹೋದವು. 2008ರಲ್ಲಿ ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೋದ ಆವರಣದಲ್ಲಿ ಹೊತ್ತಿಕೊಂಡ ಬೆಂಕಿ ಟೇಪುಗಳಿದ್ದ ಕಟ್ಟಡವನ್ನೂ ನುಂಗಿತು. ನಷ್ಟ ಎಷ್ಟು ದೊಡ್ಡದೆಂಬ ಬಗ್ಗೆ 2019ರಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿ ಬಂದ ಮೇಲೆ ದೊಡ್ಡ ವಾದವೇ ನಡೆಯಿತು. ಟೇಪು ಇಲ್ಲವಾದಾಗ ಹಿಂದೊಮ್ಮೆ ಅದರಿಂದ ನೇರವಾಗಿ ಕೊರೆದ ಹಳೆಯ ಮರುಮುದ್ರಣವೇ ಆ ಸಂಗೀತದ ಅತ್ಯುತ್ತಮ ಸಾಕ್ಷಿಯಾಗಿ ಉಳಿಯುತ್ತದೆ. ಕೆಲವು ಮರುಮುದ್ರಣಗಳ ಹಿಂದೆ ಸಂಗ್ರಾಹಕರು ಅಷ್ಟು ಆಸೆಯಿಂದ ಹೋಗುವುದು ಇದಕ್ಕಾಗಿ.

ರನ್‌ಔಟ್:

ಮೇಲಿನವರು ಟೇಪಿನ ವಿಚಾರವನ್ನು ಸರಿಯಾಗಿ ವಿವರಿಸಿದ್ದಾರೆ. ಯಾರು ಕೊರೆದರು ಎಂಬುದನ್ನು ಬಹಳಷ್ಟು ಸಲ ತಟ್ಟೆಯ ಮೇಲೆಯೇ ಓದಬಹುದು ಎಂಬುದನ್ನು ನಾನು ಸೇರಿಸುತ್ತೇನೆ.

ಕೊನೆಯ ಹಾಡು ಮುಗಿದ ಮೇಲೆ ಗ್ರೂವಿಗೂ ಲೇಬಲಿಗೂ ನಡುವೆ ಉಳಿಯುವ ನುಣುಪಾದ ಜಾಗಕ್ಕೆ ರನ್‌ಔಟ್ ಎನ್ನುತ್ತಾರೆ. ತಟ್ಟೆಯನ್ನು ಅಂಚಿನಲ್ಲಿ ಹಿಡಿದು, ಒಂದೇ ದೀಪದ ಕೆಳಗೆ ತುಸು ವಾಲಿಸಿ, ಮೆಲ್ಲಗೆ ತಿರುಗಿಸುತ್ತ ಹೋದರೆ ಆ ಕಪ್ಪಿನಲ್ಲಿ ಸಣ್ಣ ಅಕ್ಷರಗಳು ಬೆಳಕಿಗೆ ಬರುತ್ತವೆ. ಕೆಲವನ್ನು ಕೈಯಿಂದ ಗೀಚಿರುತ್ತಾರೆ, ಕೆಲವನ್ನು ಉಕ್ಕಿನ ಮೊಳೆಯಚ್ಚಿನಿಂದ ಒತ್ತಿರುತ್ತಾರೆ. ಕವರನ್ನು, ಲೇಬಲನ್ನು ಯಾರು ಬೇಕಾದರೂ ಹಳೆಯದರಂತೆ ಮುದ್ರಿಸಬಹುದು. ರನ್‌ಔಟಿನ ಬರಹವಾದರೋ ಕೊರೆದವರ ಕೈಯದು.

ಬ್ಲೂ ನೋಟ್, ಪ್ರೆಸ್ಟೀಜ್, ಇಂಪಲ್ಸ್ ಆಲ್ಬಮ್ಮುಗಳ ದೊಡ್ಡ ಪಾಲನ್ನು ಧ್ವನಿಮುದ್ರಿಸಿದವರು ರೂಡಿ ವ್ಯಾನ್ ಗೆಲ್ಡರ್. ಅವರು 1959ರವರೆಗೆ ನ್ಯೂ ಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿದ್ದ ತಂದೆತಾಯಿಯ ಮನೆಯ ಹಜಾರದಲ್ಲಿಯೇ ಧ್ವನಿಮುದ್ರಣ ಮಾಡುತ್ತಿದ್ದರು. ಬಳಿಕ ಇಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಎತ್ತರದ ಚಾವಣಿಯ ತಮ್ಮದೇ ಸ್ಟುಡಿಯೋ ಕಟ್ಟಿಕೊಂಡರು. ಧ್ವನಿಮುದ್ರಿಸಿದ್ದನ್ನು ತಾವೇ ಲ್ಯಾಕರಿನ ಮೇಲೆ ಕೊರೆಯುತ್ತಲೂ ಇದ್ದರು. ಅಂಥ ತಟ್ಟೆಗಳ ರನ್‌ಔಟಿನಲ್ಲಿ ‘ಆರ್‌ವಿಜಿ’ ಎಂದೋ ‘ವ್ಯಾನ್ ಗೆಲ್ಡರ್’ ಎಂದೋ ಇರುತ್ತದೆ. ಮೈಕನ್ನು ಎಲ್ಲಿಟ್ಟರು, ತುತ್ತೂರಿಯ ಯಾವ ಏರು ತಟ್ಟೆಯಲ್ಲಿ ಹೇಗೆ ಬರಬೇಕು ಎಂಬುದೆಲ್ಲ ಆ ಒಬ್ಬರ ಕಿವಿಯಲ್ಲಿಯೇ ಇತ್ತು. ಅವರ ಕೊರೆತದ ತಟ್ಟೆಗಳಿಗೆ ಇರುವ ಕಸುವಿಗೆ ಇದೇ ಕಾರಣವೆಂದು ನನ್ನ ನಂಬಿಕೆ.

ಬ್ಲೂ ನೋಟ್ ಮಟ್ಟಿಗೆ ಇನ್ನೊಂದು ಗುರುತಿದೆ. 1966ರವರೆಗೆ ಆ ಕಂಪನಿಯ ತಟ್ಟೆಗಳನ್ನು ಒತ್ತುತ್ತಿದ್ದದ್ದು ಪ್ಲಾಸ್ಟಿಲೈಟ್ ಎಂಬ ಕಾರ್ಖಾನೆ. ಅದರ ಗುರುತು ಕೂಡುಬರಹದ ‘ಪಿ’ ಅಕ್ಷರ. ನೋಡಲು ಕಿವಿಯಂತಿರುವುದರಿಂದ ಸಂಗ್ರಾಹಕರು ಅದನ್ನು ‘ಕಿವಿ’ ಎಂದೇ ಕರೆಯುತ್ತಾರೆ. ಬ್ಲೂ ನೋಟ್ 1960ರ ದಶಕದ ಮಧ್ಯದಲ್ಲಿ ಲಿಬರ್ಟಿ ಕಂಪನಿಗೆ ಮಾರಾಟವಾದ ಮೇಲೆ ತಟ್ಟೆಗಳು ಬೇರೆ ಕಾರ್ಖಾನೆಗಳಲ್ಲಿ ಅಚ್ಚಾಗತೊಡಗಿ ಈ ಕಿವಿ ಮಾಯವಾಯಿತು.

ನಿಮ್ಮಂಥವರಿಗೆ ನಿಜವಾದ ನಿಧಿ ಇರುವುದು ಈ ಜಾಗದಲ್ಲಿಯೇ. ಲಿಬರ್ಟಿಯವರು ಬಹಳಷ್ಟು ಸಲ ವ್ಯಾನ್ ಗೆಲ್ಡರ್ ಕೊರೆದ ಲ್ಯಾಕರಿನಿಂದ ತಯಾರಾಗಿದ್ದ ಹಳೆಯ ಲೋಹದ ಅಚ್ಚುಗಳನ್ನೇ ಬಳಸಿದರು. ಹಾಗಾಗಿ ಲೇಬಲಿನ ಮೇಲೆ ‘ಲಿಬರ್ಟಿಯ ಅಂಗಸಂಸ್ಥೆ’ ಎಂದಿದ್ದು, ರನ್‌ಔಟಿನಲ್ಲಿ ‘ವ್ಯಾನ್ ಗೆಲ್ಡರ್’ ಎಂದಿರುವ ತಟ್ಟೆಯಲ್ಲಿ ಮೊದಲ ಮುದ್ರಣದ ಕೊರೆತವೇ ಇರುತ್ತದೆ. ಮೊದಲ ಮುದ್ರಣವೆಂಬ ಹೆಸರಿನ ಬೇಡಿಕೆ ಮಾತ್ರ ಇರುವುದಿಲ್ಲ. 1970ರ ದಶಕದಲ್ಲಿ ಬ್ಲೂ ನೋಟ್ ಯುನೈಟೆಡ್ ಆರ್ಟಿಸ್ಟ್ಸ್ ಕಂಪನಿಯ ಕೈಕೆಳಗೆ ಇದ್ದಾಗ ನೀಲಿ ಲೇಬಲಿನಲ್ಲಿ ಬಂದ ಕೆಲವು ಮರುಮುದ್ರಣಗಳಲ್ಲಿಯೂ ಈ ಹೆಸರು ಕಾಣುತ್ತದೆ. ಎಲ್ಲದರಲ್ಲೂ ಇಲ್ಲ, ಒಂದೊಂದನ್ನೂ ನೋಡಿಯೇ ಕೊಳ್ಳಬೇಕು. ಒಂದು ಬದಿಯಲ್ಲಿ ಇದ್ದು ಇನ್ನೊಂದು ಬದಿಯಲ್ಲಿ ಇಲ್ಲದಿರುವುದೂ ಉಂಟು, ಆದ್ದರಿಂದ ಎರಡೂ ಬದಿಗಳ ಚಿತ್ರ ಕೇಳಿ.

ಈಗಿನ ಮರುಮುದ್ರಣಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ. ಕೆವಿನ್ ಗ್ರೇ ಅವರ ತಟ್ಟೆಗಳಲ್ಲಿ ‘ಕೆಪಿಜಿ’ ಎಂಬ ಅಕ್ಷರಗಳೂ ಅವರ ಕೊಹಿಯರೆಂಟ್ ಆಡಿಯೊ ಸ್ಟುಡಿಯೋದ ‘ಸಿಎ’ ಎಂಬ ಗುರುತೂ ಇರುತ್ತವೆ. ಬರ್ನಿ ಗ್ರಂಡ್‌ಮನ್ ಅವರದಕ್ಕೆ ‘ಬಿಜಿ’. 1980ರ ದಶಕದ ಒರಿಜಿನಲ್ ಜಾಝ್ ಕ್ಲಾಸಿಕ್ಸ್ ತಟ್ಟೆಗಳಲ್ಲಿ ಜಾರ್ಜ್ ಹಾರ್ನ್ ಅವರ ‘ಜಿಎಚ್’ ಕಂಡರೆ ಯೋಚಿಸದೆ ತೆಗೆದುಕೊಳ್ಳಿ.

ಕೇಳುಗ:

ಇಬ್ಬರಿಗೂ ಧನ್ಯವಾದಗಳು. ರನ್‌ಔಟ್ ಅವರೇ, ನಿಮ್ಮ ಉತ್ತರ ಓದಿದ ಮೇಲೆ ನಾನು ಕಣ್ಣಿಟ್ಟಿದ್ದ ಒಂದು ಪ್ರತಿಯ ಚಿತ್ರಗಳನ್ನು ಮತ್ತೆ ನೋಡಿದೆ. ಮಾರುವವರು ಅದನ್ನು ‘ಮೂಲ ಮುದ್ರಣ’ ಎಂದು ಕರೆದಿದ್ದಾರೆ. ಲೇಬಲಿನ ಮೇಲೆ ‘ನ್ಯೂಯಾರ್ಕ್ ಯುಎಸ್‌ಎ’ ಎಂದಿದೆ, ಲಿಬರ್ಟಿಯ ಹೆಸರಿಲ್ಲ. ರನ್‌ಔಟಿನಲ್ಲಿ ‘ವ್ಯಾನ್ ಗೆಲ್ಡರ್’ ಇದೆ, ಆದರೆ ಕಿವಿಯ ಗುರುತು ಮಾತ್ರ ಕಾಣುತ್ತಿಲ್ಲ. ಆಲ್ಬಮ್ 1962ರದ್ದು. ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು? ಹಾಗೆಯೇ, ಒಂದೇ ಆಲ್ಬಮ್ ಮೊನೊದಲ್ಲೂ ಸ್ಟೀರಿಯೊದಲ್ಲೂ ಇದ್ದಾಗ ಯಾವುದನ್ನು ಆರಿಸಬೇಕು?

ರನ್‌ಔಟ್:

ಲಿಬರ್ಟಿಯವರು ಕಂಪನಿಯನ್ನು ಕೊಂಡಾಗ ಅದರ ಜೊತೆಗೆ ಮುದ್ರಿಸಿಟ್ಟಿದ್ದ ಲೇಬಲುಗಳು, ಕವರುಗಳು ಕೂಡ ಅವರ ಕೈಗೆ ಬಂದವು. ಅವು ಮುಗಿಯುವವರೆಗೆ ಹೊಸ ಕಾರ್ಖಾನೆಯಲ್ಲಿ ಒತ್ತಿದ ತಟ್ಟೆಗಳಿಗೆ ಹಳೆಯ ಲೇಬಲುಗಳನ್ನೇ ಹಾಕಿದರು. ನೀವು ನೋಡಿರುವುದು ಬಹುತೇಕ ಅಂಥ ಪ್ರತಿ. ಅಂದರೆ 1962ರ ಆಲ್ಬಮ್ಮನ್ನು 1966ರ ನಂತರ ಮತ್ತೆ ಒತ್ತಿದ್ದು. ಅದು ಮೂಲ ಮುದ್ರಣವಲ್ಲ, ಮೂಲ ಮುದ್ರಣದ ಬೆಲೆ ಕೊಡಬೇಡಿ. ಕೊರೆತ ಮಾತ್ರ ವ್ಯಾನ್ ಗೆಲ್ಡರ್ ಅವರದೇ ಆದ್ದರಿಂದ ಮರುಮುದ್ರಣದ ಬೆಲೆಗೆ ಬಂದರೆ ಬಿಡಲೂ ಬೇಡಿ. ಇನ್ನೊಂದು ಮಾತು: ಮಾರಾಟದ ಆಸುಪಾಸಿನಲ್ಲಿಯೇ ಮೊದಲ ಬಾರಿಗೆ ಬಿಡುಗಡೆಯಾದ ಆಲ್ಬಮ್ಮುಗಳಿಗೆ ಕಿವಿಯಿಲ್ಲದ ಪ್ರತಿಯೇ ಮೊದಲ ಮುದ್ರಣವಾಗಿರಬಹುದು. ಆಲ್ಬಮ್ ಯಾವಾಗ ಬಿಡುಗಡೆಯಾಯಿತು ಎಂಬುದನ್ನು ನೋಡದೆ ಕಿವಿಯೊಂದರ ಮೇಲೆ ತೀರ್ಮಾನಕ್ಕೆ ಬರುವಂತಿಲ್ಲ.

ಮೊನೊಪ್ರಿಯ:

ಮೊನೊ-ಸ್ಟೀರಿಯೊ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಅದಕ್ಕೂ ಮೊದಲು, ಮೊದಲ ಮುದ್ರಣವೇ ಎಲ್ಲ ವಿಧದಲ್ಲಿಯೂ ಶ್ರೇಷ್ಠವೆಂಬ ಭಾವನೆ ಈ ಚರ್ಚೆಯಲ್ಲಿ ಮೆಲ್ಲಗೆ ನುಸುಳುತ್ತಿರುವಂತೆ ತೋರುತ್ತದೆ, ಅದನ್ನು ಒಪ್ಪಲಾರೆ.

ತುತ್ತೂರಿ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಆಲ್ಬಮ್ಮನ್ನೇ ನೋಡಿ. ಕೊಲಂಬಿಯಾ ಕಂಪನಿಯ ನ್ಯೂಯಾರ್ಕ್ 30ನೇ ಬೀದಿಯ ಸ್ಟುಡಿಯೋದಲ್ಲಿ 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು ಅದರ ಧ್ವನಿಮುದ್ರಣ ನಡೆಯಿತು. ಮಾರ್ಚಿನ ದಿನ ಮುಖ್ಯ ಟೇಪ್ ಯಂತ್ರ ತುಸು ನಿಧಾನವಾಗಿ ಓಡುತ್ತಿತ್ತು. ನಿಧಾನವಾಗಿ ಹಿಡಿದದ್ದನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಶ್ರುತಿ ಏರುತ್ತದೆ; ಹೀಗಾಗಿ ಅಂದು ನುಡಿಸಿದ ಮೂರು ರಚನೆಗಳಿರುವ ಮೊದಲ ಬದಿ ಇಡಿಯಾಗಿ ಏರಿದ ಶ್ರುತಿಯಲ್ಲಿ ಅಚ್ಚಾಯಿತು, ದಶಕಗಳ ಕಾಲ ಹಾಗೆಯೇ ಅಚ್ಚಾಗುತ್ತ ಬಂದಿತು. ಅದೇ ದಿನ ಇನ್ನೊಂದು ಯಂತ್ರದಲ್ಲಿ ಹಿಡಿದಿದ್ದ ಸುರಕ್ಷತಾ ಟೇಪನ್ನು ಬಳಸಿ ಈ ದೋಷವನ್ನು ಸರಿಪಡಿಸಿದ್ದು 1992ರ ಸಿಡಿ ಮರುಮುದ್ರಣದಲ್ಲಿ. ತಟ್ಟೆಯ ಜೊತೆಗೆ ತಮ್ಮ ವಾದ್ಯವನ್ನು ನುಡಿಸಿಕೊಂಡು ಕಲಿಯುವವರಿಗೆ ಶ್ರುತಿಯ ಈ ವ್ಯತ್ಯಾಸ ಸಣ್ಣದಲ್ಲ. ಸಾಲದ್ದಕ್ಕೆ ಮೊದಲ ಮುದ್ರಣದಲ್ಲಿ ಎರಡನೆಯ ಬದಿಯ ಎರಡು ರಚನೆಗಳ ಹೆಸರುಗಳು ಅದಲುಬದಲಾಗಿದ್ದವು. ಆ ದಿನ ಆ ಕೋಣೆಯಲ್ಲಿ ಕೇಳಿಸಿದ ಸ್ವರಗಳು ಬೇಕೆನ್ನುವವರಿಗೆ ಇಲ್ಲಿ ಮರುಮುದ್ರಣವೇ ಹೆಚ್ಚು ಪ್ರಾಮಾಣಿಕವಾದದ್ದು.

ಈಗ ಮೊನೊ ವಿಚಾರ. ಸ್ಟೀರಿಯೊ ಎಲ್‌ಪಿಗಳು ಮಾರುಕಟ್ಟೆಗೆ ಬಂದದ್ದು 1958ರಲ್ಲಿ. ಅದಕ್ಕೂ ಹಿಂದಿನ ಜಾಝ್ ಧ್ವನಿಮುದ್ರಣಗಳು ಬಹುಪಾಲು ಮೊನೊ. ಸನಿ ರಾಲಿನ್ಸ್ ಅವರ ‘ಸ್ಯಾಕ್ಸೊಫೋನ್ ಕಲೋಸಸ್’ 1956ರ ಜೂನ್ 22ರಂದು ಮೊನೊದಲ್ಲಿಯೇ ಧ್ವನಿಮುದ್ರಣವಾದದ್ದು. ಅಂಥ ಆಲ್ಬಮ್ಮಿನ ಮೇಲೆ ‘ಸ್ಟೀರಿಯೊ’ ಎಂದಿದ್ದರೆ ಅದು ಆಮೇಲೆ ಕೃತಕವಾಗಿ ಮಾಡಿದ್ದೆಂದೇ ತಿಳಿಯಬೇಕು. 1960ರ ದಶಕದಲ್ಲಿ ಮೊನೊ ಟೇಪಿನ ತಗ್ಗು ಸ್ವರಗಳನ್ನು ಒಂದು ಕಡೆಗೂ ಏರು ಸ್ವರಗಳನ್ನು ಇನ್ನೊಂದು ಕಡೆಗೂ ಸರಿಸಿ, ಒಂದಿಷ್ಟು ಪ್ರತಿಧ್ವನಿ ಬೆರೆಸಿ ಸ್ಟೀರಿಯೊ ಎಂದು ಮಾರಿದ ಉದಾಹರಣೆಗಳು ಬೇಕಾದಷ್ಟಿವೆ. ಕವರಿನ ಮೇಲೆ ‘ಎಲೆಕ್ಟ್ರಾನಿಕ್ ವಿಧಾನದಿಂದ ಸ್ಟೀರಿಯೊ ಮಾಡಲಾಗಿದೆ’ ಎಂಬ ಅರ್ಥದ ಸಾಲು ಕಂಡರೆ ಅದನ್ನು ಅಲ್ಲಿಯೇ ಬಿಟ್ಟುಬಿಡಿ. ಒಂದೇ ಬಾಯಿಂದ ಹೊರಟ ಸ್ಯಾಕ್ಸೊಫೋನಿನ ನಾದವನ್ನು ಸೀಳಿ ಎರಡು ಮೂಲೆಗೆ ಎಸೆಯುವುದನ್ನು ನನ್ನ ಕಿವಿ ಸಹಿಸುವುದಿಲ್ಲ.

ವ್ಯಾನ್ ಗೆಲ್ಡರ್ 1957ರಲ್ಲಿ ಎರಡು ಟ್ರ್ಯಾಕಿನ ಧ್ವನಿಮುದ್ರಣ ಆರಂಭಿಸಿದಾಗ ಕೆಲಕಾಲ ಮೊನೊ ಮತ್ತು ಸ್ಟೀರಿಯೊ ಟೇಪುಗಳನ್ನು ಬೇರೆಬೇರೆಯಾಗಿಯೇ ಓಡಿಸುತ್ತಿದ್ದರು. ಆ ವರ್ಷದ ಸೆಪ್ಟೆಂಬರ್ 15ರಂದು ಮಾಡಿದ ‘ಬ್ಲೂ ಟ್ರೇನ್’ ಅಂಥದ್ದು. ಟೋನ್ ಪೊಯೆಟ್ ಸರಣಿ 2022ರಲ್ಲಿ ಅದನ್ನು ಮೊನೊದಲ್ಲಿ ಒಂದಾಗಿ, ಸ್ಟೀರಿಯೊದಲ್ಲಿ ಇನ್ನೊಂದಾಗಿ ತಂದದ್ದು ಈ ಕಾರಣದಿಂದ. ಅದರಲ್ಲಿ ನಾನು ಮೊನೊವನ್ನೇ ಆರಿಸುತ್ತೇನೆ: ಲೀ ಮಾರ್ಗನ್ ಅವರ ತುತ್ತೂರಿ, ಕರ್ಟಿಸ್ ಫುಲ್ಲರ್ ಅವರ ಟ್ರಾಂಬೋನ್, ಕೋಲ್ಟ್ರೇನ್ ಅವರ ಟೆನರ್ ಸ್ಯಾಕ್ಸೊಫೋನ್ ಮೂರೂ ಒಟ್ಟಾಗಿ ಒಂದೇ ಉಸಿರಿನಲ್ಲಿ ಎದೆಗೆ ಬಂದು ತಾಗುತ್ತವೆ. ಆದರೆ 1950ರ ದಶಕದ ಕೊನೆಯಿಂದ ಆಚೆಗೆ ಬ್ಲೂ ನೋಟ್‌ನ ಅನೇಕ ಮೊನೊ ತಟ್ಟೆಗಳು ಸ್ಟೀರಿಯೊ ಟೇಪಿನ ಎಡಬಲ ಚಾನೆಲ್ಲುಗಳನ್ನು ಕೂಡಿಸಿ ಕೊರೆದವು. ಅವುಗಳಿಗಾಗಿ ಪ್ರತ್ಯೇಕವಾಗಿ ಮೊನೊ ಬೆನ್ನಟ್ಟಬೇಕಾಗಿಲ್ಲ.

ಆಂಪ್ಲಿಫೈಯರಿನಲ್ಲಿ ‘ಮೊನೊ’ ಗುಂಡಿಯಿದ್ದರೆ ಹಳೆಯ ಮೊನೊ ತಟ್ಟೆಗಳಿಗೆ ಅದನ್ನು ಒತ್ತಿ ಕೇಳಿ. ಮೊನೊ ಗ್ರೂವಿನಲ್ಲಿ ಸಂಗೀತವೆಲ್ಲ ಎಡಬಲದ ಚಲನೆಯಲ್ಲಿದೆ. ತಟ್ಟೆಯ ಮೇಲೆ ಓಡುವ ಮುಳ್ಳನ್ನು ಮೇಲಕ್ಕೂ ಕೆಳಕ್ಕೂ ಎತ್ತಿಹಾಕುವುದು ಧೂಳು ಮತ್ತು ಸವೆತ. ಎರಡು ಚಾನೆಲ್‌ಗಳನ್ನು ಕೂಡಿಸಿದಾಗ ಆ ಮೇಲುಕೆಳಗಿನ ಸದ್ದು ಒಂದನ್ನೊಂದು ಹೊಡೆದುಹಾಕುವುದರಿಂದ, ಕೊಳ್ಳಲು ಹಿಂಜರಿಯುವಂತಿದ್ದ ಎಷ್ಟೋ ಪ್ರತಿಗಳು ನೆಮ್ಮದಿಯಿಂದ ಕೇಳುವಂತಾಗುತ್ತವೆ.

ಟೇಪ್‌ಪರ:

ಮೊನೊಪ್ರಿಯ ಅವರ ಮಾತು ನ್ಯಾಯವಾದದ್ದು. ನನ್ನ ಮೊದಲ ಉತ್ತರ ಓದಿ, ನಡುವೆ ಡಿಜಿಟಲ್ ಹಂತ ಬಂದರೆ ತಟ್ಟೆ ಕೆಟ್ಟಿತೆಂದು ಯಾರೂ ತಿಳಿಯಬಾರದು. ಮೊಬೈಲ್ ಫಿಡೆಲಿಟಿ ಕಂಪನಿ ತನ್ನ ಅನೇಕ ಮರುಮುದ್ರಣಗಳಿಗೆ ಮೂಲ ಟೇಪನ್ನು ಮೊದಲು ಡಿಎಸ್‌ಡಿ ಎಂಬ ಡಿಜಿಟಲ್ ರೂಪಕ್ಕೆ ಇಳಿಸಿಕೊಂಡು ಆಮೇಲೆ ಕೊರೆದಿತ್ತೆಂಬುದು 2022ರಲ್ಲಿ ಬಯಲಾದಾಗ ಸಂಗ್ರಾಹಕರು ಸಿಟ್ಟಾದರು, ವಿಷಯ ನ್ಯಾಯಾಲಯಕ್ಕೂ ಹೋಯಿತು. ಆ ಸಿಟ್ಟು ಸರಿಯಾದದ್ದೇ, ಏಕೆಂದರೆ ಕೊಳ್ಳುವವರಿಗೆ ಅದು ತಿಳಿದಿರಬೇಕಿತ್ತು. ಆದರೆ ಅದೇ ತಟ್ಟೆಗಳ ನಾದವನ್ನು ಅಲ್ಲಿಯವರೆಗೆ ಅನೇಕರು ಮನಸಾರೆ ಹೊಗಳಿದ್ದರು ಎಂಬುದೂ ನಿಜ. ಮೂಲ ಟೇಪಿನಿಂದ ಎಚ್ಚರಿಕೆಯಿಂದ ಮಾಡಿದ ಡಿಜಿಟಲ್ ಪ್ರತಿಗೂ, ಎಲ್ಲಿಂದಲೋ ಎತ್ತಿದ ಸಿಡಿಗೂ ಅಜಗಜಾಂತರವಿದೆ.

ಹಳೆಕವರ್:

ಅಪರೂಪದ ಮರುಮುದ್ರಣಗಳ ಬೇಟೆಯ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಅದನ್ನು ನಾನು ತೆಗೆದುಕೊಳ್ಳುತ್ತೇನೆ. ನನಗೆ ಈ ಹವ್ಯಾಸದಲ್ಲಿ ಅತ್ಯಂತ ಪ್ರಿಯವಾದ ಭಾಗವೂ ಅದೇ.

‘ಮರುಮುದ್ರಣ’ ಎಂದು ಎಲ್ಲರೂ ಕರೆಯುವ ಕೆಲವು ತಟ್ಟೆಗಳು ನಿಜವಾಗಿ ಆ ಸಂಗೀತದ ಮೊದಲ ಮುದ್ರಣಗಳು. ಟೆನರ್ ಸ್ಯಾಕ್ಸೊಫೋನ್ ವಾದಕ ಟೀನಾ ಬ್ರೂಕ್ಸ್ 1958ರಿಂದ 1961ರ ನಡುವೆ ಬ್ಲೂ ನೋಟ್‌ಗಾಗಿ ನಾಲ್ಕು ಆಲ್ಬಮ್ಮುಗಳಿಗೆ ಸಾಕಾಗುವಷ್ಟು ಧ್ವನಿಮುದ್ರಣ ಮಾಡಿದರು. ಅವರ ಜೀವಿತಕಾಲದಲ್ಲಿ ಹೊರಬಂದದ್ದು ‘ಟ್ರೂ ಬ್ಲೂ’ ಒಂದೇ. ಇನ್ನೊಂದಕ್ಕೆ 4052 ಎಂಬ ಕ್ರಮಸಂಖ್ಯೆಯನ್ನೂ ಕೊಟ್ಟಿದ್ದರು, ಆದರೆ ಅದು ಬಿಡುಗಡೆಯಾಗಲಿಲ್ಲ. ಬ್ರೂಕ್ಸ್ 1974ರಲ್ಲಿ ತೀರಿಕೊಂಡರು. ಮುಂದಿನ ವರ್ಷ ಜಾಝ್ ಆಲ್ಬಮ್ಮುಗಳ ನಿರ್ಮಾಪಕ ಮೈಕಲ್ ಕಸ್ಕೂನ ಬ್ಲೂ ನೋಟ್ ಉಗ್ರಾಣವನ್ನು ಹೊಕ್ಕು, ವಿವರಗಳಿಲ್ಲದೆ ಬಿದ್ದಿದ್ದ ಟೇಪುಗಳನ್ನು ಒಂದೊಂದಾಗಿ ಕೇಳಿ ಗುರುತಿಸುವ ಕೆಲಸಕ್ಕೆ ತೊಡಗಿದರು. ಅವರ ಆ ಶ್ರಮದಿಂದ ನಮಗೆ ಸಿಕ್ಕ ಸಂಗೀತ ಅಪಾರವಾದದ್ದು.

ಆ ಟೇಪುಗಳಲ್ಲಿ ಕೆಲವು ಮೊದಲು ತಟ್ಟೆಯಾದದ್ದು ಜಪಾನಿನಲ್ಲಿ. 1977ರಿಂದ 1983ರವರೆಗೆ ಅಲ್ಲಿ ಬ್ಲೂ ನೋಟ್ ಹಕ್ಕು ಪಡೆದಿದ್ದ ಕಿಂಗ್ ರೆಕಾರ್ಡ್ಸ್, ಹಳೆಯ ಆಲ್ಬಮ್ಮುಗಳ ಜೊತೆಗೆ ಅಮೆರಿಕದಲ್ಲಿಯೂ ಬಾರದಿದ್ದ ಧ್ವನಿಮುದ್ರಣಗಳನ್ನು ಹೊಸ ಕವರುಗಳಲ್ಲಿ ಹೊರತಂದಿತು. ಲೀ ಮಾರ್ಗನ್, ಸನಿ ಕ್ಲಾರ್ಕ್, ಡಗ್ ವಾಟ್ಕಿನ್ಸ್, ಆರ್ಟ್ ಬ್ಲೇಕಿ ಅವರೊಡನೆ ಬ್ರೂಕ್ಸ್ 1958ರ ಮಾರ್ಚಿನಲ್ಲಿ ನುಡಿಸಿದ ‘ಮೈನರ್ ಮೂವ್’ 1980ರಲ್ಲಿ ಬೆಳಕು ಕಂಡದ್ದು ಹೀಗೆ. ಕಸ್ಕೂನ ಮತ್ತು ಚಾರ್ಲಿ ಲೂರಿ ಕೂಡಿ ಕಟ್ಟಿದ ಮೊಸಾಯಿಕ್ ಕಂಪನಿ 1985ರಲ್ಲಿ ಬ್ರೂಕ್ಸ್ ಅವರ ಇಡೀ ಕೆಲಸವನ್ನು ನಾಲ್ಕು ತಟ್ಟೆಗಳ ಪೆಟ್ಟಿಗೆಯಾಗಿ ತಂದಿತು. ಬಿಡುಗಡೆಯಾಗದೆ ಉಳಿದಿದ್ದ ಆ 4052 ಕೂಡ ಅದರಲ್ಲಿತ್ತು. ಮೊಸಾಯಿಕ್ ಪೆಟ್ಟಿಗೆಗಳಿಗೆ ಕ್ರಮಸಂಖ್ಯೆ ಇರುತ್ತದೆ, ನಿಗದಿಯಾದಷ್ಟು ಪ್ರತಿಗಳು ಮುಗಿದ ಮೇಲೆ ಮತ್ತೆ ಅಚ್ಚಾಗುವುದಿಲ್ಲ. ಒಳಗಿನ ದೊಡ್ಡ ಪುಸ್ತಿಕೆಯಲ್ಲಿ ಪ್ರತಿಯೊಂದು ಧ್ವನಿಮುದ್ರಣದ ದಿನಾಂಕ, ವಾದಕರ ಪಟ್ಟಿ, ಫ್ರಾನ್ಸಿಸ್ ವೂಲ್ಫ್ ತೆಗೆದ ಛಾಯಾಚಿತ್ರಗಳು ಇರುತ್ತವೆ. ಕೊಳ್ಳುವಾಗ ಪುಸ್ತಿಕೆ ಇದೆಯೇ ಎಂದು ಮರೆಯದೆ ಕೇಳಬೇಕು, ಎಷ್ಟೋ ಪೆಟ್ಟಿಗೆಗಳಿಂದ ಅದು ಕಾಣೆಯಾಗಿರುತ್ತದೆ.

ಯಾರೂ ಹೆಚ್ಚು ಗಮನಿಸದ ಇನ್ನೊಂದು ಮೂಲೆ 1970ರ ದಶಕದ ಜೋಡಿ ಆಲ್ಬಮ್ಮುಗಳದ್ದು. ಪ್ರೆಸ್ಟೀಜ್‌ನ 24000 ಸಂಖ್ಯೆಯ ಸರಣಿಯಲ್ಲಿ ಎರಡು ಹಳೆಯ ಆಲ್ಬಮ್ಮುಗಳನ್ನು ಸೇರಿಸಿ ಹೊಸ ಕವರು ಹಾಕಿ ಕೊಡುತ್ತಿದ್ದರು. ಬ್ಲೂ ನೋಟ್‌ನಿಂದಲೂ ಕಂದು ಬಣ್ಣದ ಕವರಿನಲ್ಲಿ ಅಂಥವು ಬಂದವು. ಕವರಿನ ಚೆಲುವು ಮೂಲದಷ್ಟಿಲ್ಲವೆಂದು ಸಂಗ್ರಾಹಕರು ಇವುಗಳನ್ನು ದಾಟಿ ಮುಂದೆ ಹೋಗುತ್ತಾರೆ, ಆದರೆ ಸಂಗೀತ ಕೇಳಲು ಬಂದವರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಇನ್ನೊಂದಿಲ್ಲ.

ಹುಡುಕುವ ಕ್ರಮದ ಬಗ್ಗೆ ಹೇಳುವುದಾದರೆ, ಮೊದಲು ಬೇಕಾದ ಆವೃತ್ತಿಯ ಕ್ರಮಸಂಖ್ಯೆ, ದೇಶ, ವರ್ಷ, ರನ್‌ಔಟ್ ಬರಹ ನಾಲ್ಕನ್ನೂ ಬರೆದಿಟ್ಟುಕೊಳ್ಳಿ. ಎಲ್‌ಪಿಗಳ ವಿವರ, ಮಾರಾಟ ಎರಡೂ ಇರುವ ಡಿಸ್ಕಾಗ್ಸ್ ಜಾಲತಾಣದಲ್ಲಿ ಪ್ರತಿಯೊಂದು ಆವೃತ್ತಿಗೂ ಬೇರೆಯೇ ಪುಟವಿದೆ. ಅಲ್ಲಿ ಬೇಕಾದವುಗಳ ಪಟ್ಟಿ ಮಾಡಿಟ್ಟರೆ ಮಾರಾಟಕ್ಕೆ ಬಂದಾಗ ಸೂಚನೆ ಬರುತ್ತದೆ. ಆದರೆ ಮಾರುವವರು ಬಹಳಷ್ಟು ಸಲ ತಪ್ಪು ಆವೃತ್ತಿಯ ಪುಟದಲ್ಲಿ ತಮ್ಮ ಪ್ರತಿಯನ್ನು ಸೇರಿಸಿರುತ್ತಾರೆ, ಆದ್ದರಿಂದ ಅವರ ಕೈಯಲ್ಲಿರುವ ತಟ್ಟೆಯ ಚಿತ್ರವನ್ನೇ ಕೇಳಿ ತರಿಸಿಕೊಂಡು ಹೋಲಿಸಿ ನೋಡಬೇಕು. ಲೇಬಲಿನ ನಡುವಿನ ತೂತಿನ ಸುತ್ತ ಸಣ್ಣ ಸಣ್ಣ ಉಜ್ಜಿದ ಗೆರೆಗಳು ಬಹಳವಿದ್ದರೆ ಆ ತಟ್ಟೆಯನ್ನು ಮೇಲಿಂದ ಮೇಲೆ ಇಟ್ಟು ಕೇಳಿದ್ದಾರೆಂದು ತಿಳಿಯುತ್ತದೆ, ಮೇಲ್ಮೈ ಎಷ್ಟೇ ಹೊಳೆಯುತ್ತಿರಲಿ. ಕೂದಲೆಳೆಯಂಥ ಗೆರೆಗಳು ಸಾಮಾನ್ಯವಾಗಿ ಕೇಳಿಸುವುದಿಲ್ಲ, ಉಗುರಿಗೆ ತಾಗುವ ಗೀರು ಖಂಡಿತ ಕೇಳಿಸುತ್ತದೆ.

ಕೇಳಿ ನೋಡುವ ಅವಕಾಶವಿದ್ದರೆ ಮೊದಲ ಹಾಡನ್ನಲ್ಲ, ಆ ಬದಿಯ ಕೊನೆಯ ಹಾಡನ್ನು ಹಾಕಿಸಿ. ತಟ್ಟೆಯ ಒಳಭಾಗಕ್ಕೆ ಹೋದಂತೆ ಒಂದು ಸುತ್ತಿನ ಉದ್ದ ಕಡಿಮೆಯಾಗಿ ಅಷ್ಟೇ ನಾದ ಇಕ್ಕಟ್ಟಾದ ಜಾಗದಲ್ಲಿ ಅಡಕವಾಗಿರುತ್ತದೆ. ಭಾರವಾದ ಹಳೆಯ ಮುಳ್ಳುಗಳು ಮೊದಲು ಹಾಳುಮಾಡುವುದು ಅದನ್ನೇ. ಅಲ್ಲಿ ತುತ್ತೂರಿಯ ಏರು ಸ್ವರ ಒಡೆಯದೆ ಬಂದರೆ ಆ ಬದಿ ಚೆನ್ನಾಗಿದೆಯೆಂದೇ ಲೆಕ್ಕ. ಹೊಸ ತಟ್ಟೆಯಾದರೆ ತೂತು ನಡುವಿನಲ್ಲಿಯೇ ಇದೆಯೇ ಎಂದು ನೋಡಿ. ತಟ್ಟೆ ತಿರುಗುವಾಗ ಮುಳ್ಳಿನ ತಲೆ ಪ್ರತಿ ಸುತ್ತಿಗೂ ಎಡಕ್ಕೂ ಬಲಕ್ಕೂ ತೂಗಾಡುತ್ತಿದ್ದರೆ ಪಿಯಾನೊದ ದೀರ್ಘ ಸ್ವರಗಳು ಶ್ರುತಿಯಲ್ಲಿ ಅಲುಗುತ್ತವೆ. ಅಂಥದ್ದನ್ನು ಹಿಂದಕ್ಕೆ ಕಳುಹಿಸುವುದೇ ಸರಿ.

ಕೇಳುಗ:

ಹಳೆಕವರ್ ಅವರೇ, ಟೀನಾ ಬ್ರೂಕ್ಸ್ ಅವರ ವಿಷಯ ಓದಿ ಮನಸ್ಸು ತುಂಬಿ ಬಂತು. ‘ಮೈನರ್ ಮೂವ್’ 2019ರಲ್ಲಿ ಟೋನ್ ಪೊಯೆಟ್ ಸರಣಿಯಲ್ಲಿಯೂ ಬಂದಿದೆಯಲ್ಲವೇ? ಜಪಾನಿನ 1980ರ ಪ್ರತಿಗಾಗಿ ಕಾಯುವುದೋ, ಇದನ್ನು ತೆಗೆದುಕೊಳ್ಳುವುದೋ?

ಹಳೆಕವರ್:

ಹೊಸ ಪ್ರತಿ ಸಿಕ್ಕಿದರೆ ಅದನ್ನು ಮೊದಲು ತೆಗೆದುಕೊಳ್ಳಿ. ಮೂಲ ಟೇಪಿಗೆ ಹತ್ತಿರವಾದದ್ದು ಅದು. ಬ್ಲೇಕಿ ಅವರ ಸಿಂಬಲ್ಲಿನ ಮೇಲೆ ಕೋಲು ತಾಗುವ ಕ್ಷಣ, ಬ್ರೂಕ್ಸ್ ಅವರ ಸ್ವರದ ತುದಿಯಲ್ಲಿರುವ ಸಣ್ಣ ಅಳುಕು ಅದರಲ್ಲಿ ಸ್ಪಷ್ಟವಾಗಿವೆ. ಆದರೆ ಇಂಥ ಸರಣಿಗಳ ಒಂದೊಂದು ಆಲ್ಬಮ್ಮೂ ಮುಗಿದ ಮೇಲೆ ಮತ್ತೆ ಅಚ್ಚಾಗಲು ವರ್ಷಗಳೇ ಹಿಡಿಯಬಹುದು. ಮುಗಿದ ಕೂಡಲೇ ಕೆಲವರು ದುಪ್ಪಟ್ಟು ಬೆಲೆ ಹೇಳುತ್ತಾರೆ. ಆಗ ಆತುರಪಟ್ಟು ಕೊಡಬೇಡಿ, ಮರುಅಚ್ಚಿನ ಪ್ರಕಟಣೆ ಬಂದ ದಿನ ಆ ಬೆಲೆಗಳೆಲ್ಲ ಕುಸಿಯುತ್ತವೆ. ಜಪಾನಿನ ಪ್ರತಿಯನ್ನು ಪಟ್ಟಿಯಲ್ಲಿ ಇಟ್ಟುಕೊಂಡು ನಿಧಾನವಾಗಿ ಹುಡುಕಿ. ಅದರಲ್ಲಿ ವಿನೈಲ್ ಸದ್ದಿಲ್ಲದೆ ಶುದ್ಧವಾಗಿರುತ್ತದೆ, ಈ ಸಂಗೀತ ಲೋಕಕ್ಕೆ ಮೊದಲು ಬಂದದ್ದು ಆ ರೂಪದಲ್ಲಿ ಎಂಬ ಬೆಲೆಯೂ ಅದಕ್ಕಿದೆ. ಕವರಿನ ಎಡಬದಿಗೆ ಸುತ್ತಿರುವ ‘ಓಬಿ’ ಎಂಬ ಕಾಗದದ ಪಟ್ಟಿಯೂ ಒಳಗಿನ ಹಾಳೆಯೂ ಇದ್ದರೆ ಪೂರ್ಣ ಪ್ರತಿ. ಓಬಿ ಇಲ್ಲದ್ದು ಕಡಿಮೆಗೆ ಬರುತ್ತದೆ, ಕೇಳಲು ಏನೂ ಕೊರತೆಯಿಲ್ಲ. ಕಳುಹಿಸುವಾಗ ತಟ್ಟೆಯನ್ನು ಕವರಿನಿಂದ ಹೊರತೆಗೆದು, ಕವರಿನ ಹಿಂದೆ ಬೇರೆಯಾಗಿ ಇಟ್ಟು, ಎರಡು ಬದಿಗೂ ಗಟ್ಟಿ ರಟ್ಟು ಹಾಕಿ ಕಟ್ಟಲು ಮಾರುವವರಿಗೆ ಹೇಳಿ. ಇಲ್ಲದಿದ್ದರೆ ದಾರಿಯಲ್ಲಿ ತಟ್ಟೆಯ ಅಂಚು ಕವರಿನ ಹೊಲಿಗೆಯನ್ನು ಸೀಳಿಬಿಡುತ್ತದೆ.